ಡಿಕಾಕರ್ ಇದ್ದರೆ ಸೇಫ್ಟಿ ಬೇಡವೇ?

ಹತ್ತುಮೀಟರ್:
ಸಿಗ್ ಪಿ226 ಪಿಸ್ತೂಲಿನಲ್ಲಿ ಡಿಕಾಕರ್ (ಎತ್ತಿದ ಹ್ಯಾಮರನ್ನು ಗುಂಡು ಹಾರದಂತೆ ಇಳಿಸುವ ಲಿವರ್) ಇದೆ, ಸೇಫ್ಟಿ ಲಿವರ್ ಇಲ್ಲ. ಸಿಜೆಡ್ 75 ಬಿ-ಯಲ್ಲಿ ಸೇಫ್ಟಿ ಇದೆ, ಡಿಕಾಕರ್ ಇಲ್ಲ. ಎರಡೂ ಡಬಲ್-ಸಿಂಗಲ್ ಆಕ್ಷನ್ನೇ, ಅಂದರೆ ಹ್ಯಾಮರ್ ಇಳಿದಿದ್ದರೆ ಟ್ರಿಗರಿನ ಮೊದಲ ಎಳೆತವೇ ಅದನ್ನು ಎತ್ತಿ ಹೊಡೆಯುತ್ತದೆ, ಆಮೇಲಿನ ಗುಂಡುಗಳಿಗೆ ಹ್ಯಾಮರ್ ಎದ್ದೇ ಇರುತ್ತದೆ. ಒಂದರ ಕೆಲಸ ಇನ್ನೊಂದು ಮಾಡುತ್ತದಾ? ಚೇಂಬರಿನಲ್ಲಿ ಗುಂಡಿರುವಾಗ 75 ಬಿ-ಯ ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದು ಇಳಿಸಿದರೆ ತಪ್ಪೇನು?

ಗುರಿಕಾರ:
ಇಲ್ಲ ಸರ್, ಎರಡೂ ಬೇರೆ. ಸೇಫ್ಟಿ ಅಂದರೆ ಬೀಗ. ಡಿಕಾಕರ್ ಎತ್ತಿದ ಹ್ಯಾಮರನ್ನು ಇಳಿಸುತ್ತದೆ ಅಷ್ಟೆ, ಬೀಗ ಹಾಕುವುದಿಲ್ಲ. ಪಿ226ರಲ್ಲಿ ಹ್ಯಾಮರ್ ಇಳಿದ ಮೇಲೂ ಟ್ರಿಗರ್ ಎಳೆದರೆ ಗುಂಡು ಹಾರುತ್ತದೆ. ಆದರೆ ಆ ಎಳೆತ ಉದ್ದ, ಸುಮಾರು 4.5 ಕೆಜಿ ಭಾರ. ಎರಡನೇ ಗುಂಡಿನಿಂದ 2 ಕೆಜಿ ಸಾಕು. ಹಾಗಾಗಿ ಡಿಕಾಕ್ ಮಾಡುವುದನ್ನು ಮರೆತು ಹೋಲ್ಸ್ಟರಿಗೆ ತುರುಕುವುದೇ ಇದರ ದೊಡ್ಡ ಅಪಾಯ.

75 ಬಿ ವಿಷಯ: ಕೈಯಲ್ಲಿ ಇಳಿಸಬೇಕಾದರೆ ಟ್ರಿಗರ್ ಒತ್ತಲೇಬೇಕು. ಟ್ರಿಗರ್ ಒತ್ತಿದರೆ ಫೈರಿಂಗ್ ಪಿನ್ ಬ್ಲಾಕ್ (ಗುಂಡಿಗೆ ಬಡಿಯುವ ಪಿನ್ನನ್ನು ತಡೆದಿಡುವ ತುಂಡು) ಸರಿದು ದಾರಿ ಬಿಡುತ್ತದೆ. ಆ ಹೊತ್ತಿಗೆ ಹೆಬ್ಬೆರಳು ಜಾರಿತೋ, ಢಂ. ಡಿಕಾಕರ್ ಟ್ರಿಗರನ್ನು ಒತ್ತದೆಯೇ ಇಳಿಸುವುದರಿಂದ ಬ್ಲಾಕ್ ಅಲ್ಲೇ ಇರುತ್ತದೆ. ಇಳಿಸಲೇಬೇಕೆಂದರೆ ನಳಿಗೆ ಸುರಕ್ಷಿತ ದಿಕ್ಕಿಗಿರಲಿ. ಹ್ಯಾಮರ್ ಸಿಯರಿನಿಂದ (ಅದನ್ನು ಎತ್ತಿ ಹಿಡಿದಿರುವ ಕೊಕ್ಕೆಯಿಂದ) ಬಿಟ್ಟ ಕೂಡಲೇ ಟ್ರಿಗರಿನಿಂದ ಬೆರಳು ತೆಗೆಯಿರಿ. ಆಮೇಲೆ ಜಾರಿದರೂ ಹ್ಯಾಮರನ್ನು ಅರ್ಧದಲ್ಲೇ ತಡೆಯುವ ಹಾಫ್‌ಕಾಕ್ ಕಚ್ಚು ಹಿಡಿಯುತ್ತದೆ. ನನ್ನ ಮಾತು ಕೇಳಿದರೆ, ಹ್ಯಾಮರ್ ಎತ್ತಿಯೇ ಸೇಫ್ಟಿ ಹಾಕಿಡಿ. ಹೇಗೂ 75 ಬಿ-ಯ ಸೇಫ್ಟಿ ಕೂರುವುದು ಹ್ಯಾಮರ್ ಎದ್ದಿದ್ದಾಗ ಮಾತ್ರ. ಡಿಕಾಕರೇ ಬೇಕೆಂದರೆ 75 ಬಿ-ಡಿ ಎಂಬ ಮಾದರಿ ಇದೆ.

ನಳಿಗೆತುದಿ:
ಲಿವರಿನ ದಿಕ್ಕನ್ನೂ ನೋಡಿಕೊಳ್ಳಿ. 1911ರಲ್ಲಿ ಕೆಳಗೆ ಒತ್ತಿದರೆ ಹೊಡೆಯಲು ಸಿದ್ಧ. ಬೆರೆಟ್ಟಾ 92 ಎಫ್‌ಎಸ್‌ನ ಲಿವರ್ ಸ್ಲೈಡಿನ ಮೇಲಿದೆ, ಅಲ್ಲಿ ತಿರುವುಮುರುವು: ಕೆಳಗೆ ಒತ್ತಿದರೆ ಡಿಕಾಕ್ ಆಗಿ ಸೇಫ್ಟಿಯಲ್ಲೇ ನಿಲ್ಲುತ್ತದೆ. ಸ್ಲೈಡನ್ನು ಮೇಲಿನಿಂದ ಹಿಡಿದು ಎಳೆಯುವಾಗ ಅಂಗೈ ತಾಗಿ ಲಿವರ್ ಇಳಿದುಬಿಟ್ಟರೆ ಟ್ರಿಗರ್ ಸತ್ತಂತೆ. 92 ಜಿ-ಯಲ್ಲಿ ಲಿವರ್ ತಾನಾಗಿ ಮೇಲೆ ಬರುತ್ತದೆ, ಈ ರಗಳೆ ಇಲ್ಲ.

ನಮ್ಮ ಸೇನೆಯ ಇಶಾಪುರ 9 ಎಂಎಂ 1ಎ ಬ್ರೌನಿಂಗ್ ಹೈ-ಪವರ್ ಪಿಸ್ತೂಲಿನ ಮಾದರಿಯದು, ಸಿಂಗಲ್ ಆಕ್ಷನ್, ಅಂದರೆ ಟ್ರಿಗರ್ ಹ್ಯಾಮರನ್ನು ಎತ್ತುವುದಿಲ್ಲ. ಹ್ಯಾಮರ್ ಇಳಿಸಿದರೆ ಮತ್ತೆ ಕೈಯಲ್ಲೇ ಎತ್ತಬೇಕು. ಅಂಥದ್ದಕ್ಕೆ ಸೇಫ್ಟಿಯೇ ಸರಿ.

ಗುರಿಕಾರ:
ಹಳೇ ಪಿಸ್ತೂಲಿನ ಡಿಕಾಕರ್ ನಂಬುವ ಮೊದಲು ಪೆನ್ಸಿಲ್ ಪರೀಕ್ಷೆ ಮಾಡಿ. ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಇದೆಯೆಂದು ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿ. ಹ್ಯಾಮರ್ ಎತ್ತಿ, ನಳಿಗೆ ಮೇಲಕ್ಕೆ ಮಾಡಿ, ಅದರೊಳಗೆ ಪೆನ್ಸಿಲನ್ನು ರಬ್ಬರ್ ತುದಿ ಕೆಳಗಾಗುವಂತೆ ಬಿಡಿ, ಮುಖ ದೂರವಿರಲಿ. ಡಿಕಾಕರ್ ಒತ್ತಿದಾಗ ಪೆನ್ಸಿಲ್ ಜಿಗಿಯಬಾರದು. ಟ್ರಿಗರ್ ಎಳೆದಾಗ ಜಿಗಿಯಬೇಕು. ಡಿಕಾಕರಿಗೇ ಜಿಗಿದರೆ ಗುಂಡು ತುಂಬಬೇಡಿ, ನೇರ ಆರ್ಮರರ್ (ಬಂದೂಕು ರಿಪೇರಿ ಮಾಡುವವರ) ಕೈಗೆ ಕೊಡಿ.

ಹತ್ತುಮೀಟರ್:
ಒಂದೇ ಲಿವರಿನಲ್ಲಿ ಎರಡೂ ಇರುವ ಎಚ್‌ಕೆ ಯುಎಸ್‌ಪಿ ಹೇಗೆ?

ನಳಿಗೆತುದಿ:
ಮೇಲೆ ಸೇಫ್, ನಡುವೆ ಫೈರ್, ಇನ್ನೂ ಕೆಳಗೆ ಒತ್ತಿದರೆ ಡಿಕಾಕ್. ಅವಸರದಲ್ಲಿ ಸೇಫ್ಟಿ ಬಿಡಿಸಲು ಹೋಗಿ ಬಲವಾಗಿ ಒತ್ತಿದರೆ ಹ್ಯಾಮರೇ ಇಳಿದು ಮೊದಲ ಎಳೆತ ಭಾರವಾಗುತ್ತದೆ.