ಇಬ್ಬರು ಸೇರಿ ಬರೆಯುವ ಥ್ರಿಲ್ಲರ್: ಹೆಣಿಗೆ ಒಬ್ಬರದು, ಬರವಣಿಗೆ ಇನ್ನೊಬ್ಬರದು ಎಂದರೆ ನಡೆಯುತ್ತದೆಯೇ?

ಪ್ರಶ್ನೆ

ನಾನು ಮತ್ತು ನನ್ನ ಗೆಳತಿ ಸೇರಿ ಒಂದು ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇವೆ. ಕಥೆಯ ಹೆಣಿಗೆ, ಸುಳಿವುಗಳ ಜೋಡಣೆ, ಕೊನೆಯ ತಿರುವು ಇವೆಲ್ಲ ಅವಳ ಪಾಲು. ಪಾತ್ರಚಿತ್ರಣ, ಸಂಭಾಷಣೆ, ವಾತಾವರಣ ನನ್ನ ಪಾಲು ಎಂದು ಆರಂಭದಲ್ಲೇ ಹಂಚಿಕೊಂಡಿದ್ದೆವು. ಅರ್ಧ ಕರಡು ಮುಗಿದಿರುವಾಗ ಒಂದು ತೊಡಕು ಎದುರಾಗಿದೆ. ಅವಳ ನಕ್ಷೆಯ ಪ್ರಕಾರ ನಾಯಕಿ ತಾನು ಕಂಡ ಒಂದು ಸಂಗತಿಯನ್ನು ಪೊಲೀಸರಿಂದ ಮುಚ್ಚಿಡಬೇಕು; ಆದರೆ ಅಷ್ಟರಲ್ಲಿ ನನ್ನ ಕೈಯಲ್ಲಿ ಬೆಳೆದು ನಿಂತಿರುವ ನಾಯಕಿ ಯಾವುದನ್ನೂ ಮುಚ್ಚಿಡುವ ಸ್ವಭಾವದವಳಲ್ಲ. ಮುಚ್ಚಿಡದಿದ್ದರೆ ಕೊನೆಯ ತಿರುವೇ ಕುಸಿಯುತ್ತದೆ ಎಂದು ಅವಳು, ಮುಚ್ಚಿಟ್ಟರೆ ಓದುಗರು ನಂಬುವುದಿಲ್ಲ ಎಂದು ನಾನು. ಜೋಡಿಯಾಗಿ ಬರೆದು ಹೆಸರು ಮಾಡಿದ ಲೇಖಕರು ಕೆಲಸವನ್ನು ಹೇಗೆ ಹಂಚಿಕೊಂಡಿದ್ದರು? ನಮ್ಮ ಹಂಚಿಕೆಯಲ್ಲೇ ದೋಷವಿದೆಯೇ?

ಉತ್ತರ 1

ನಿಮ್ಮ ಹಂಚಿಕೆಗೆ ದೊಡ್ಡ ಪೂರ್ವಜರೇ ಇದ್ದಾರೆ. ಫ್ರಾನ್ಸಿನ ಪಿಯೆರ್ ಬ್ವಾಲೋ ಮತ್ತು ಥಾಮಸ್ ನಾರ್ಸೆಜಾಕ್ ಇದೇ ಬಗೆಯಲ್ಲಿ ದಶಕಗಳ ಕಾಲ ಬರೆದರು. ಪತ್ತೇದಾರಿ ಕಥೆಗಳಿಗೆ ಕೊಡುವ ಒಂದೇ ಪ್ರಶಸ್ತಿಯನ್ನು ಬ್ವಾಲೋ 1938ರಲ್ಲಿಯೂ ನಾರ್ಸೆಜಾಕ್ 1948ರಲ್ಲಿಯೂ ಪಡೆದಿದ್ದರು. ಅವರ ಪರಿಚಯಕ್ಕೆ ಆ ಪ್ರಶಸ್ತಿಯೇ ಕಾರಣವಾಯಿತು. ಬ್ವಾಲೋ ಹೆಣಿಗೆಯಲ್ಲಿ ನಿಪುಣರು. ನಾರ್ಸೆಜಾಕ್ ಮನಸ್ಸಿನ ಒಳಸುಳಿಗಳನ್ನೂ ವಾತಾವರಣವನ್ನೂ ಕಟ್ಟುವುದರಲ್ಲಿ ನಿಪುಣರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆದರೆ ಇಷ್ಟರಿಂದಲೇ ಅವರ ಗೆಲುವನ್ನು ವಿವರಿಸಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ.

1952ರಲ್ಲಿ ಬಂದ ಅವರ ಕಾದಂಬರಿಯನ್ನೇ ನೋಡಿ. 1955ರಲ್ಲಿ ಫ್ರೆಂಚ್ ನಿರ್ದೇಶಕ ಕ್ಲೂಝೋ ಮಾಡಿದ ‘ಲೆ ದಿಯಾಬೊಲಿಕ್’ ಎಂಬ ಪ್ರಸಿದ್ಧ ಚಿತ್ರಕ್ಕೆ ಆಧಾರವಾದದ್ದು ಅದೇ. ರವಿನೆಲ್ ಎಂಬ ಊರೂರು ಸುತ್ತುವ ಮಾರಾಟಗಾರ, ವೈದ್ಯೆಯಾದ ತನ್ನ ಪ್ರೇಯಸಿಯೊಂದಿಗೆ ಸೇರಿ ಹೆಂಡತಿಯನ್ನು ಸ್ನಾನದ ತೊಟ್ಟಿಯಲ್ಲಿ ಮುಳುಗಿಸಿ ಕೊಲ್ಲುತ್ತಾನೆ. ಅನಂತರ ಶವ ಕಾಣೆಯಾಗುತ್ತದೆ, ಸತ್ತವಳಿಂದ ಪತ್ರ ಬರುತ್ತದೆ. ಒಗಟಾಗಿ ನೋಡಿದರೆ ಇದು ಅಚ್ಚುಕಟ್ಟಾದ ಯಂತ್ರ. ಆದರೆ ಆ ಯಂತ್ರ ಓಡುವುದು ರವಿನೆಲ್‌ನ ಸ್ವಭಾವದ ಬಲದಿಂದ ಮಾತ್ರ. ಅವನು ಪುಕ್ಕಲು, ಮಂಜು ಕವಿದಾಗ ಬದುಕಿದವರಿಗೂ ಸತ್ತವರಿಗೂ ನಡುವಿನ ಗಡಿ ಕರಗುತ್ತದೆಂದು ಒಳಗೊಳಗೇ ನಂಬುವವನು. ಅವನ ಜಾಗದಲ್ಲಿ ಗಟ್ಟಿ ಗುಂಡಿಗೆಯ ಒಬ್ಬನನ್ನು ನಿಲ್ಲಿಸಿದರೆ, ಪತ್ರ ಬಂದ ದಿನವೇ ಯಾರೋ ಮೋಸ ಮಾಡುತ್ತಿದ್ದಾರೆಂದು ಊಹಿಸಿ, ಕಥೆಯನ್ನು ಎರಡು ಪುಟಗಳಲ್ಲಿ ಮುಗಿಸಿಬಿಡುತ್ತಾನೆ. ಬ್ವಾಲೋ ಹೆಣಿಗೆಯನ್ನು ಮೊದಲು ಮುಗಿಸಿಟ್ಟು, ನಾರ್ಸೆಜಾಕ್ ಅದರೊಳಗೆ ಮನುಷ್ಯರನ್ನು ತುಂಬಿದ್ದರೆ ಇಂತಹ ಬೆಸುಗೆ ಸಾಧ್ಯವಾಗುತ್ತಿರಲಿಲ್ಲ ಎಂದೇ ನಾನು ಓದುತ್ತೇನೆ. ಪತ್ತೇದಾರನನ್ನು ಬದಿಗೆ ಸರಿಸಿ, ಬಲಿಪಶುವಿನ ಕಣ್ಣಿನಿಂದ ಕಥೆ ಹೇಳಬೇಕೆಂಬ ತೀರ್ಮಾನ ಇಬ್ಬರದೂ ಆಗಿತ್ತು. ಹಂಚಿಕೆ ಬಂದದ್ದು ಆ ತೀರ್ಮಾನದ ನಂತರ. ಹಿಚ್‌ಕಾಕ್ 1958ರಲ್ಲಿ ‘ವರ್ಟಿಗೋ’ ಚಿತ್ರ ಮಾಡಿದ್ದು ಇವರದೇ 1954ರ ಕಾದಂಬರಿಯಿಂದ. ಅಲ್ಲಿಯೂ ಎತ್ತರಕ್ಕೆ ಹೆದರುವವನನ್ನು ಬಿಟ್ಟು ಬೇರೆ ಯಾರನ್ನು ಹಾಕಿದರೂ ಸಂಚು ಫಲಿಸುವುದಿಲ್ಲ.

ಹಾಗಾಗಿ ನಿಮ್ಮ ನಾಯಕಿ ಮುಚ್ಚಿಡಬೇಕೇ ಬೇಡವೇ ಎಂದು ಹಗ್ಗಜಗ್ಗಾಟ ಮಾಡುವ ಬದಲು, ಇಷ್ಟು ನೇರ ಸ್ವಭಾವದವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ಪೊಲೀಸರಿಗೆ ಆ ಸಂಗತಿ ತಲುಪದಂತೆ ಆಗುವುದು ಹೇಗೆ ಎಂದು ಇಬ್ಬರೂ ಕುಳಿತು ಯೋಚಿಸಿ. ಅವಳು ಹೇಳಿದ್ದನ್ನು ಅವರು ನಂಬದಿರಬಹುದು. ಅಥವಾ ತಾನು ಕಂಡದ್ದು ಮುಖ್ಯವೆಂದೇ ಅವಳಿಗೆ ತೋಚದಿರಬಹುದು. ಎರಡನೆಯದು ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಆಗ ಓದುಗರೂ ಆ ಸುಳಿವನ್ನು ಅವಳ ಜೊತೆಯಲ್ಲೇ ದಾಟಿ ಹೋಗುತ್ತಾರೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತಲೇ, ಇದೇ ಹಂಚಿಕೆ ಎಷ್ಟು ನೋವು ತರಬಲ್ಲದು ಎಂಬುದನ್ನೂ ಹೇಳಬೇಕು. ಅಮೆರಿಕದ ಪತ್ತೇದಾರಿ ಕಾದಂಬರಿಗಳ ಮೇಲಿರುವ ‘ಎಲರಿ ಕ್ವೀನ್’ ಎಂಬ ಹೆಸರಿನ ಹಿಂದೆ ಇದ್ದವರು ಫ್ರೆಡರಿಕ್ ಡ್ಯಾನೆ ಮತ್ತು ಮ್ಯಾನ್‌ಫ್ರೆಡ್ ಲೀ ಎಂಬ ಸೋದರಸಂಬಂಧಿಗಳು. ಅವರ ಮೊದಲ ಕಾದಂಬರಿ ಬಂದದ್ದು 1929ರಲ್ಲಿ. ಡ್ಯಾನೆ ವಿವರವಾದ ಕಥಾಹಂದರವನ್ನು ಸಿದ್ಧಪಡಿಸುತ್ತಿದ್ದರು, ಲೀ ಅದನ್ನು ಕಾದಂಬರಿಯಾಗಿ ಬರೆಯುತ್ತಿದ್ದರು. 1940ರ ದಶಕದ ಕೊನೆಯ ಅವರ ಪತ್ರಗಳು ಪುಸ್ತಕವಾಗಿ ಬಂದಿವೆ. ಅವನ್ನು ಓದುವುದು ಕಷ್ಟ. ಲೀಗೆ ಪಾತ್ರಗಳು ನಂಬುವಂತಿರಬೇಕು, ಡ್ಯಾನೆಗೆ ಒಗಟಿನ ಚಮತ್ಕಾರ ಕೆಡಬಾರದು. ನೀವಿಬ್ಬರು ಇಂದು ಆಡುತ್ತಿರುವ ಜಗಳವೇ ಅದು, ಅವರಲ್ಲಿ ವರ್ಷಗಟ್ಟಲೆ ನಡೆಯಿತು.

ಇನ್ನೊಂದು ವಿಷಯ ನನ್ನನ್ನು ಬಹಳವಾಗಿ ಕಾಡುತ್ತದೆ. ಮುಂದೆ ಲೀಗೆ ಬರೆಯಲಾಗದ ಸ್ಥಿತಿ ಬಂದಾಗ, ಡ್ಯಾನೆಯ ಕಥಾಹಂದರಗಳನ್ನು ಥಿಯೋಡರ್ ಸ್ಟರ್ಜನ್, ಆವ್ರಮ್ ಡೇವಿಡ್ಸನ್ ಮುಂತಾದ ಬೇರೆ ಲೇಖಕರು ಬರೆದುಕೊಟ್ಟರು. ಮುಖಪುಟದ ಮೇಲೆ ಮಾತ್ರ ಅದೇ ಎಲರಿ ಕ್ವೀನ್. ಹೆಣಿಗೆ ಮತ್ತು ಬರವಣಿಗೆಯನ್ನು ಪೂರ್ತಿ ಬೇರೆ ಮಾಡಿದರೆ ಇಬ್ಬರಲ್ಲಿ ಒಬ್ಬರ ಜಾಗಕ್ಕೆ ಮತ್ತೊಬ್ಬರನ್ನು ತರುವುದು ಸುಲಭವಾಗುತ್ತದೆ. ನಿಮ್ಮ ಗೆಳತಿಯ ನಕ್ಷೆಯಲ್ಲಿ ನಿಮ್ಮ ಮಾತೂ, ನಿಮ್ಮ ವಾಕ್ಯಗಳಲ್ಲಿ ಅವಳ ಕೈಯೂ ಇರಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಉತ್ತರ 3

ಸ್ವೀಡನ್ನಿನ ಮೈ ಶೋವಾಲ್ ಮತ್ತು ಪೆರ್ ವಾಲೋ ದಂಪತಿಯಂತೆ ಬಾಳಿದವರು. 1965ರಿಂದ 1975ರವರೆಗೆ ಮಾರ್ಟಿನ್ ಬೆಕ್ ಎಂಬ ಪೊಲೀಸ್ ಅಧಿಕಾರಿಯ ಸುತ್ತ ಹತ್ತು ಕಾದಂಬರಿಗಳನ್ನು ಬರೆದರು. ಅವರ ಹಂಚಿಕೆ ನಿಮ್ಮದಕ್ಕಿಂತ ತೀರ ಬೇರೆ. ಮಕ್ಕಳು ಮಲಗಿದ ಮೇಲೆ ಒಂದೇ ಮೇಜಿನ ಎದುರುಬದುರು ಕುಳಿತು ಒಂದು ಅಧ್ಯಾಯವನ್ನು ಇವರು, ಮುಂದಿನದನ್ನು ಅವರು ಬರೆಯುತ್ತಿದ್ದರು. ಹೀಗೆ ಬರೆದರೆ ಧ್ವನಿ ಎರಡಾಗಿ ಒಡೆಯಬೇಕಿತ್ತು, ಒಡೆಯಲಿಲ್ಲ. ಬರೆಯುವ ಮೊದಲೇ ಕಥೆಯನ್ನು ವಿವರವಾಗಿ ಮಾತಾಡಿ ಮುಗಿಸುತ್ತಿದ್ದುದು ಒಂದು ಕಾರಣ. ಅವನದೂ ಅಲ್ಲದ ತನ್ನದೂ ಅಲ್ಲದ, ಆ ಪುಸ್ತಕಗಳಿಗೇ ಹೊಂದುವ ಒಂದು ಶೈಲಿಯನ್ನು ಇಬ್ಬರೂ ಹುಡುಕಿಕೊಂಡೆವು ಎಂದು ಶೋವಾಲ್ ಹೇಳಿಕೊಂಡಿದ್ದಾರೆ. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಕಾರಣ. ಆ ಗದ್ಯ ಒಣಗಿದ್ದು, ನಿಖರವಾದದ್ದು, ಪೊಲೀಸ್ ವರದಿಗೆ ಹತ್ತಿರವಾದದ್ದು; ಅದರಲ್ಲಿ ಯಾರೊಬ್ಬರ ಮೆರೆದಾಟಕ್ಕೂ ಎಡೆಯಿಲ್ಲ.

ಇಂಗ್ಲೆಂಡಿನ ನಿಕಿ ಜೆರಾರ್ಡ್ ಮತ್ತು ಶಾನ್ ಫ್ರೆಂಚ್ ದಂಪತಿ ‘ನಿಕಿ ಫ್ರೆಂಚ್’ ಎಂಬ ಒಂದೇ ಹೆಸರಿನಲ್ಲಿ ಬರೆಯುತ್ತಾರೆ. ಅವರು ಒಟ್ಟಿಗೆ ಯೋಜಿಸುತ್ತಾರೆ, ಬೇರೆ ಬೇರೆಯಾಗಿ ಕುಳಿತು ಬರೆಯುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಕ್ತವಾಗಿ ತಿದ್ದುತ್ತಾರೆ. ಯಾವ ಭಾಗ ಯಾರದೆಂದು ಹೊರಗಿನವರಿಗೆ ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಸುಳಿವಿನ ಮಹತ್ವವೇ ನಾಯಕಿಗೆ ತಿಳಿಯದಿರುವ ಸಾಧ್ಯತೆಯನ್ನು ಗೆಳತಿಗೆ ಹೇಳಿದೆ; ಅವಳು ಆಗಲೇ ನಕ್ಷೆಯನ್ನು ತೆರೆದು ಕುಳಿತಿದ್ದಾಳೆ. ಇನ್ನೊಂದು ಸಂದೇಹ ಉಳಿದಿದೆ: ಪರಸ್ಪರ ತಿದ್ದುವಾಗ ಒಬ್ಬರು ಹೊಡೆದುಹಾಕಿದ ಸಾಲನ್ನು ಇನ್ನೊಬ್ಬರು ಮತ್ತೆ ಸೇರಿಸುತ್ತಾ ಹೋದರೆ ಕೊನೆಯ ಮಾತು ಯಾರದು?

ಉತ್ತರ 3

ನನ್ನ ಸಲಹೆ ಹೀಗಿದೆ. ಹೊಡೆದುಹಾಕಿದ ಸಾಲನ್ನು ಅದೇ ರೂಪದಲ್ಲಿ ಮರಳಿ ತರಬಾರದು. ಬೇಕೇ ಬೇಕೆನಿಸಿದರೆ ಬರೆದವರು ಆ ಜಾಗಕ್ಕೆ ಹೊಸದಾಗಿ ಬರೆಯಬೇಕು. ಎರಡನೆಯ ಬಾರಿಯೂ ಅದು ಉಳಿಯದಿದ್ದರೆ ತೊಂದರೆ ಇರುವುದು ಸಾಲಿನಲ್ಲಲ್ಲ, ದೃಶ್ಯದಲ್ಲಿ. ಆಗ ತಿದ್ದುವುದನ್ನು ನಿಲ್ಲಿಸಿ ಆ ದೃಶ್ಯ ಕಥೆಗೆ ಏನು ಮಾಡಬೇಕೆಂದು ಇಬ್ಬರೂ ಬಾಯಿಬಿಟ್ಟು ಮಾತಾಡಿ. ಹೆಣಿಗೆಯ ಪ್ರಶ್ನೆಯಾದರೆ ಅವಳಿಗೆ, ವಾಕ್ಯದ ಪ್ರಶ್ನೆಯಾದರೆ ನಿಮಗೆ ಕೊನೆಯ ಮಾತು ಇರಲಿ. ಯಾವ ಪ್ರಶ್ನೆ ಯಾವ ಬಗೆಯದು ಎಂಬುದನ್ನು ಮಾತ್ರ ಒಬ್ಬರೇ ತೀರ್ಮಾನಿಸಬೇಡಿ.