ಅಪ್‌ಡೇಟ್: ಸಣ್ಣಕತೆ ಬಿಟ್ಟು ಭಾಮಿನಿ ಷಟ್ಪದಿ

ಎರಡು ಸಾವಿರ ಪದದ ಕತೆಯೋ, ಹನಿಗವನವೋ, ಭಾಮಿನಿಯೋ (ಆರು ಸಾಲಿನ ಪದ್ಯರೂಪ), ಯಾವುದನ್ನು ಬರೆಯಲಿ ಎಂದು ಕೇಳಿದ್ದೆ. ಭಾಮಿನಿಯೇ ನಿಂತಿತು, ಅದೂ ಐದು ಪದ್ಯದ ಅಳತೆಯಲ್ಲಿ. ಕಾರಣ ಸರಳ: ಒಂದು ಪದ್ಯಕ್ಕೆ 102 ಮಾತ್ರೆ (ಉಚ್ಚಾರಣೆಯ ಕಾಲದ ಅಳತೆ: ಲಘು ಅಂದರೆ ಗಿಡ್ಡ ಅಕ್ಷರಕ್ಕೆ ಒಂದು, ಗುರು ಅಂದರೆ ಉದ್ದ ಅಕ್ಷರಕ್ಕೆ ಎರಡು), ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಎಲ್ಲಿ ನಿಲ್ಲಿಸಬೇಕೆಂಬ ತಲೆನೋವಿಲ್ಲ.

ಕೇಳಿದವರಿಗೆ ಲೆಕ್ಕ: 1, 2, 4, 5ನೇ ಸಾಲಿನಲ್ಲಿ 3+4+3+4 ಮಾತ್ರೆಯ ಗಣಗಳು, ಅಂದರೆ ಗುಂಪುಗಳು. 3 ಮತ್ತು 6ನೇ ಸಾಲಿನಲ್ಲಿ 3+4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಉದಾಹರಣೆಗೆ:

ಮಳೆಯು | ನಿಂತಿತು | ಹೊಳೆಯ | ಬದಿಯಲಿ
ಎಳೆಯ | ಬಿಸಿಲಿಗೆ | ಮಿನುಗಿ | ಹನಿಗಳು

ಇಲ್ಲಿ 'ನಿಂತಿತ್ತು' ಎಂದರೆ ಕೆಟ್ಟಿತು. ಒತ್ತಕ್ಷರದ ಹಿಂದಿನ 'ತಿ' ಗುರುವಾಗಿ ಐದು ಮಾತ್ರೆ ಆಗುತ್ತದೆ. 'ಸದಾ' ಮೂರೇ ಮಾತ್ರೆ, ಆದರೂ ಗಣವಾಗಿ ಒಗ್ಗದು: ಗಣದ ಶುರುವಿನಲ್ಲೇ ಒಂದು ಲಘುವಿನ ಮೇಲೆ ಗುರು ಬಂದರೆ ನಡೆ ಮುಗ್ಗರಿಸುತ್ತದೆ. ಬೆರಳೆಣಿಕೆ ಸರಿ ಎನ್ನುತ್ತದೆ, ಕಿವಿ ಒಪ್ಪುವುದಿಲ್ಲ. ಕಿವಿಯನ್ನೇ ನಂಬಿ.

ಹೆಚ್ಚಿನವರು ಸೋಲುವುದು ಪ್ರಾಸದಲ್ಲಿ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಅದೇ ವ್ಯಂಜನ ಬೇಕು, ಮೊದಲ ಅಕ್ಷರ ಎಲ್ಲ ಲಘು ಅಥವಾ ಎಲ್ಲ ಗುರು. 'ಮಳೆ'ಗೆ 'ಬೆಳೆ', 'ತಿಳಿ', 'ಉಳಿ' ಸೇರುತ್ತವೆ; 'ಹೇಳಿ', 'ತಾಳ' ಸೇರವು. 'ಅನ್ನ' ಹಿಡಿದರೆ ಆರೂ ಕಡೆ 'ನ್ನ'ವೇ ಬೇಕು. ಹಾಗಾಗಿ ಮೊದಲು ಆರು ಪ್ರಾಸಪದ ಪಟ್ಟಿ ಮಾಡಿ, ಅರ್ಥ ಹೊಂದುವಂತೆ ಜೋಡಿಸಿ, ಆಮೇಲೆ ಸಾಲು ತುಂಬಿಸುವುದು. ಮೊದಲ ಸಾಲು ಚೆನ್ನಾಗಿ ಬಂತೆಂದು 'ಠ'ಕಾರಕ್ಕೆ ಕೈಹಾಕಿದರೆ ನಾಲ್ಕನೇ ಸಾಲಿಗೆ ನಿಘಂಟು ತೆರೆಯಬೇಕಾಗುತ್ತದೆ.

ಹನಿಗವನ ಪಕ್ಕಕ್ಕಿದೆ. ಕತೆ ಸದ್ಯಕ್ಕಿಲ್ಲ.