ತೋಟದ ಕೆರೆಯ ತಣ್ಣೀರಿನಲ್ಲಿ ಸ್ಕೂಬಾ: ಬೇಗ ಮುಳುಗುವುದು, ನಡುಕ, ಗಾಳಿ ಬೇಗ ಮುಗಿಯುವುದು

ಪ್ರಶ್ನೆ:
ನಮಸ್ಕಾರ. ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ ಆರಂಭಿಕ ಸ್ಕೂಬಾ ಕೋರ್ಸ್ ಮುಗಿಸಿದ್ದೇನೆ. ಈಗ ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಕೆರೆಯಲ್ಲಿ, ತರಬೇತಿ ಪಡೆದ ಗೆಳೆಯರೊಬ್ಬರ ಜೊತೆ ಅಭ್ಯಾಸ ಮಾಡುತ್ತಿದ್ದೇನೆ. ಡಿಸೆಂಬರ್ ಬೆಳಗ್ಗೆ ನೀರು 20 ಡಿಗ್ರಿ ಇತ್ತು. ಸಮುದ್ರದಲ್ಲಿ ಬಳಸಿದ 3 ಮಿ.ಮೀ. ಸೂಟ್ ಮತ್ತು ಅಷ್ಟೇ ತೂಕದ ಬೆಲ್ಟ್ ಹಾಕಿ ಇಳಿದರೆ ನೇರ ತಳಕ್ಕೆ ಹೋಗುತ್ತೇನೆ. ಉಸಿರು ಏರುತ್ತದೆ, ಸ್ವಲ್ಪ ಹೊತ್ತಿಗೇ ನಡುಕ ಹಿಡಿಯುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಹದವಾಗಿ ಕೊಡುವ ರೆಗ್ಯುಲೇಟರಿನಲ್ಲಿ ದೋಷವಿರಬಹುದೇ?

ಉತ್ತರ:
ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ರೆಗ್ಯುಲೇಟರಿನ ಮೇಲೆ ಸಂಶಯ ಬರುವುದಿಲ್ಲ. ಅದು ಹೆಪ್ಪುಗಟ್ಟಿ ಗಾಳಿ ಸುರಿಸುವ ತೊಂದರೆ ಸಾಮಾನ್ಯವಾಗಿ 10 ಡಿಗ್ರಿಗಿಂತ ತಣ್ಣಗಿನ ನೀರಿನದು.

ಮೊದಲು ತೂಕ ಸರಿಪಡಿಸಿಕೊಳ್ಳಿ. ಸಮುದ್ರದ ನೀರಿಗಿಂತ ಸಿಹಿನೀರು ಸುಮಾರು ಎರಡೂವರೆ ಶೇಕಡಾ ಹಗುರ, ಆದ್ದರಿಂದ ಅದು ನಿಮ್ಮನ್ನು ಎತ್ತಿ ಹಿಡಿಯುವುದೂ ಅಷ್ಟು ಕಡಿಮೆ. ಉಪಕರಣ ಸೇರಿ ತೊಂಬತ್ತು ಕಿಲೋ ತೂಗುವವರಿಗೆ ಬೆಲ್ಟಿನಿಂದ ಸುಮಾರು ಎರಡು ಕಿಲೋ ತೆಗೆಯಬೇಕಾಗುತ್ತದೆ. ಸಿಲಿಂಡರಿನಲ್ಲಿ 50 ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗ, ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು, ಸಹಜವಾಗಿ ಉಸಿರು ಹಿಡಿದು, ಕಾಲು ತಳ ಮುಟ್ಟದಂತೆ ನೆಟ್ಟಗೆ ನಿಂತರೆ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು; ಉಸಿರು ಬಿಟ್ಟಾಗ ನಿಧಾನವಾಗಿ ಮುಳುಗಬೇಕು. ಭಾರ ಹೆಚ್ಚಿದ್ದವರು ತೇಲುವುದಕ್ಕೆಂದು ಕಾಲು ಬಡಿಯುತ್ತಲೇ ಇರುತ್ತಾರೆ, ಅವರ ಗಾಳಿ ಖರ್ಚಾಗುವುದೇ ಅಲ್ಲಿ.

ನೀರು ದೇಹದ ಬಿಸಿಯನ್ನು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಸೆಳೆದುಕೊಳ್ಳುವುದರಿಂದ 20 ಡಿಗ್ರಿಗೆ 3 ಮಿ.ಮೀ. ಸೂಟ್ ಸಾಲದು. 5 ಮಿ.ಮೀ. ಸೂಟ್, ತಲೆಗೆ ಹುಡ್, ಕಾಲಿಗೆ ಬೂಟ್ ಬೇಕು. ದಪ್ಪಕ್ಕಿಂತಲೂ ಸೂಟ್ ಮೈಗೆ ಅಂಟಿಕೊಂಡಿರುವುದು ಮುಖ್ಯ: ಸೊಂಟದ ಹಿಂದಿನ ತಗ್ಗಿನಲ್ಲಿ ಬೆರಳಿಟ್ಟು ನೋಡಿ, ಅಲ್ಲಿ ಸೂಟ್ ಸಡಿಲವಾಗಿದ್ದರೆ ಪ್ರತಿ ತಿರುವಿನಲ್ಲೂ ತಣ್ಣೀರು ಒಳಗೆ ನುಗ್ಗುತ್ತದೆ. ದಪ್ಪ ಸೂಟ್ ಹೆಚ್ಚು ತೇಲುವುದರಿಂದ ತೂಕದ ಪರೀಕ್ಷೆಯನ್ನು ಮತ್ತೆ ಮಾಡಿ. ತಣ್ಣೀರಿಗೆ ಇಳಿದ ಮೊದಲ ಒಂದೆರಡು ನಿಮಿಷ ಉಸಿರು ಏರುವುದು ದೇಹದ ಸಹಜ ಪ್ರತಿಕ್ರಿಯೆ. ಮುಖ ತೋಯಿಸಿಕೊಂಡು, ಉಸಿರು ನಿಧಾನಕ್ಕೆ ಬಂದ ಮೇಲೆಯೇ ಕೆಳಗಿಳಿಯಿರಿ. ನಡುಕ ಶುರುವಾದರೆ ಅಂದಿನ ಡೈವ್ ಅಲ್ಲಿಗೆ ಮುಗಿಯಿತು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ತೋಟದ ಕೆರೆಯಲ್ಲಿ ಮೋಟಾರ್ ಇರುತ್ತದೆ. ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸುವ ಕಾಲ ಹತ್ತಿರವಾದಂತೆ ಯಾರು ಯಾವಾಗ ಸ್ವಿಚ್ ಹಾಕುತ್ತಾರೆಂದು ಹೇಳಲಾಗುವುದಿಲ್ಲ. ಕೆಸರಿನಲ್ಲಿ ಕಾಣದ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ಕೈಯನ್ನೋ ಸೂಟನ್ನೋ ಎಳೆದುಕೊಳ್ಳಬಹುದು, ಕೇಬಲ್ ಹಳೆಯದಾಗಿದ್ದರೆ ನೀರಿಗೇ ಕರೆಂಟ್ ಬರಬಹುದು. ಇಳಿಯುವ ಮುನ್ನ ಫ್ಯೂಸ್ ಕಿತ್ತು ನಿಮ್ಮ ಬಳಿಯೇ ಇಟ್ಟುಕೊಳ್ಳಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿ. ಸಿಲಿಂಡರನ್ನು ಉಸಿರಾಟದ ಗಾಳಿಗೆಂದೇ ಇರುವ ಕಂಪ್ರೆಸರಿನಲ್ಲಿ ಮಾತ್ರ ತುಂಬಿಸಿ. ಬೇರೆ ಕೆಲಸದ ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ಆವಿ, ಕಾರ್ಬನ್ ಮೊನಾಕ್ಸೈಡ್ ಸೇರಿರಬಹುದು.

ಪ್ರಶ್ನೆ:
ತುಂಬಾ ಉಪಕಾರವಾಯಿತು. ಜನವರಿಯಲ್ಲಿ ಮತ್ತೆ ನೇತ್ರಾಣಿಗೆ ಹೋಗಿ, ಎರಡು ದಿನ ಡೈವ್ ಮಾಡಿ, ಭಾನುವಾರ ಮಧ್ಯಾಹ್ನ ಹೊರಟು ರಾತ್ರಿಯೇ ಮನೆ ಸೇರುವ ಯೋಚನೆಯಿದೆ. ತೊಂದರೆಯಿಲ್ಲವಲ್ಲ?

ಉತ್ತರ:
ದಯವಿಟ್ಟು ಹಾಗೆ ಮಾಡಬೇಡಿ. ಡೈವ್ ಮಾಡಿದಾಗ ರಕ್ತದಲ್ಲಿ ಕರಗಿದ ಸಾರಜನಕ ಉಸಿರಿನಲ್ಲಿ ಹೊರಹೋಗಲು ಸಮಯ ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಏರಿದರೆ ಒತ್ತಡ ಕಡಿಮೆಯಾಗಿ, ಅದು ಗುಳ್ಳೆಗಳಾಗಿ ಕೀಲು ನೋವಿನಿಂದ ಪಾರ್ಶ್ವವಾಯುವಿನವರೆಗೆ ಹಾನಿ ಮಾಡಬಹುದು. ಕರಾವಳಿಯಿಂದ ನಿಮ್ಮ ಮನೆಯ ದಾರಿಯಲ್ಲಿ ಸಿಗುವ ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ವಿಮಾನ ಪ್ರಯಾಣಕ್ಕೆ ಹೇಳುವ ಅಂತರವನ್ನೇ, ಅಂದರೆ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆಯನ್ನು, ಸಂಪಾಜೆ ಘಾಟಿ ಹತ್ತುವುದಕ್ಕೂ ಪಾಲಿಸಿ. ಶನಿವಾರವೇ ಡೈವ್ ಮುಗಿಸಿ, ಭಾನುವಾರ ಬೆಳಗ್ಗೆ ಕರಾವಳಿಯಲ್ಲಿ ತಿಂಡಿ ತಿಂದು ನಿಧಾನವಾಗಿ ಹೊರಟರೆ ಕತ್ತಲಾಗುವ ಮುನ್ನ ಮನೆ ತಲುಪುತ್ತೀರಿ. ತೋಟವೂ 300 ಮೀಟರಿಗಿಂತ ಎತ್ತರದಲ್ಲಿರುವುದರಿಂದ, ಕೆರೆಗೆ ಇಳಿಯುವಾಗ ಡೈವ್ ಕಂಪ್ಯೂಟರಿನಲ್ಲಿ (ಆಳ, ಸಮಯ ಲೆಕ್ಕ ಹಾಕುವ ಸಾಧನ) ಎತ್ತರ ಸರಿಯಾಗಿದೆಯೇ ಎಂದು ನೋಡಿಕೊಳ್ಳಿ.